ಅಡ್ಜಸ್ಟ್ ಮಾಡ್ಕೊಂಡಿವೆ ಬಿಡು

ಹೋದ ವರ್ಷ ಆಗಸ್ಟ್‌ನಲ್ಲಿ ಆಫೀಸಿನ ಗೆಳೆಯನೊಬ್ಬನನ್ನು ಊರಿಗೆ ಕರ್ಕೊಂಡು ಹೋಗಿದ್ದೆ. ಬೆಂಗಳೂರಿನವರಿಗೆ ಗುಂಡ್ಲುಪೇಟೆ ಅಂದ್ರೆ ಸೂರ್ಯಕಾಂತಿ ಹೊಲ, ಸೆಲ್ಫಿ, ಆಮೇಲೆ ಬಂಡೀಪುರ. ಬೇಗೂರು ದಾಟಿ ರಸ್ತೆ ಬದಿಯಲ್ಲಿ ಟೀ ಕುಡೀತಾ ನಿಂತಿದ್ವಿ. ಕೇರಳದ ಕಡೆ ಹೋಗೋ ಲಾರಿಗಳು ಹೊಗೆ ಬಿಟ್ಕೊಂಡು ಸಾಲಾಗಿ ಹೋಗ್ತಿದ್ದವು. ಮೇಲೆ ಕರೆಂಟ್ ತಂತಿಯಲ್ಲಿ ಐದಾರು ಗೊರವಂಕ. "ಈ ಹೊಗೇಲಿ ಇವು ಹೆಂಗೋ ಬದುಕ್ತವೆ?" ಅಂದ. ನಾನು ಯೋಚನೆ ಕೂಡ ಮಾಡದೆ "ಅಡ್ಜಸ್ಟ್ ಮಾಡ್ಕೊಂಡಿವೆ ಬಿಡು" ಅಂದೆ.

ಬಸ್ ಸೀಟಿನಿಂದ ಹಿಡಿದು ಪ್ರಾಜೆಕ್ಟ್ ಡೆಡ್‌ಲೈನ್‌ವರೆಗೆ ನಮ್ಮ ಕಡೆ ಎಲ್ಲಕ್ಕೂ ಇದೇ ಮಾತು. ಆವತ್ತು ಯಾಕೋ ನನ್ನ ಉತ್ತರ ನನಗೇ ಚುಚ್ಚಿತು. ಅಡ್ಜಸ್ಟ್ ಅಂದ್ರೆ ಆ ಹಕ್ಕಿಯ ಮೈಯೊಳಗೆ ನಿಜವಾಗಿ ಏನು ನಡೀತಿದೆ?

ಆಮೇಲೆ ಓದುತ್ತಾ ಹೋದೆ. ಹಕ್ಕಿಯ ಉಸಿರಾಟ ನಮ್ಮದರ ಹಾಗಲ್ಲ. ಅದರ ಗಾಳಿಚೀಲಗಳಿಂದಾಗಿ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತೆ. ಉಸಿರು ಬಿಡುವಾಗಲೂ ಹೊಸ ಗಾಳಿ ಸಿಗುತ್ತೆ. ಹಾರಾಟಕ್ಕೆ ಇದು ಬಹಳ ಒಳ್ಳೆಯ ಡಿಸೈನ್, ಆದರೆ ಗಾಳಿಯಲ್ಲಿರೋ ವಿಷವೂ ಅಷ್ಟೇ ಚೆನ್ನಾಗಿ ಒಳಗೆ ಹೋಗುತ್ತೆ. ಹೋದದ್ದನ್ನು ಹೊರಹಾಕೋಕೆ ದಾರಿಗಳೂ ಇವೆ. ಪಿತ್ತಜನಕಾಂಗದ ಕಿಣ್ವಗಳು ಒಂದಷ್ಟನ್ನು ಒಡೆಯುತ್ತವೆ. ಸೀಸ, ಪಾದರಸದಂಥ ಲೋಹಗಳದ್ದು ಬೇರೆ ಕಥೆ. ಬೆಳೆಯುತ್ತಿರುವ ಗರಿಗೆ ರಕ್ತ ಹರಿಯುವಾಗ ಲೋಹದ ಒಂದು ಪಾಲು ಗರಿಯ ಕೆರಾಟಿನ್‌ಗೆ ಅಂಟಿಕೊಳ್ಳುತ್ತೆ. ಗರಿ ಪೂರ್ತಿ ಬೆಳೆದ ಮೇಲೆ ರಕ್ತದ ದಾರಿ ಮುಚ್ಚಿ ಹೋಗುತ್ತೆ, ಲೋಹ ಅಲ್ಲೇ ಲಾಕ್. ಗರಿ ಉದುರಿದಾಗ ಅದೂ ಹೋಗುತ್ತೆ. ಪ್ಯಾರಿಸ್‌ನ ಪಾರಿವಾಳಗಳ ಮೇಲೆ ಅಧ್ಯಯನ ಮಾಡಿದವರು, ಕಪ್ಪು ಗರಿಯ ಮೆಲನಿನ್ ಸತುವನ್ನು ಹೆಚ್ಚು ಹಿಡಿದಿಡುತ್ತೆ ಅಂತ ಕಂಡುಕೊಂಡರು. ಹಳೇ ಲಾಗ್ ಫೈಲ್ ಡಿಲೀಟ್ ಮಾಡೋ ನನ್ನಂಥವನಿಗೆ ಇದನ್ನು ಓದಿ ಖುಷಿಯೇ ಆಯ್ತು.

ಖುಷಿ ಮುಂದಿನ ಪುಟದವರೆಗೂ ಉಳೀಲಿಲ್ಲ. ಹೆಣ್ಣು ಹಕ್ಕಿಗೆ ವಿಷ ಹೊರಹಾಕೋಕೆ ಇನ್ನೊಂದು ದಾರಿ ಇದೆ, ಮೊಟ್ಟೆ. ತಾಯಿಯ ಮೈಯಲ್ಲಿರುವ ಪಾದರಸ, ಕೊಬ್ಬಿನಲ್ಲಿ ಸೇರಿಕೊಂಡ ಕೆಲವು ಕೀಟನಾಶಕಗಳು ಮೊಟ್ಟೆಗೆ ಇಳಿಯುತ್ತವೆ. ತಾಯಿಯ ಮೈ ಅಷ್ಟು ಹಗುರ ಆಗುತ್ತೆ, ಮರಿ ಹುಟ್ಟೋ ಮೊದಲೇ ಅದನ್ನು ಹೊರುತ್ತೆ. ಮೆಕ್ಸಿಕೋ ಸಿಟಿಯ ಕೆಲವು ಹಕ್ಕಿಗಳದ್ದೂ ಇಂಥದ್ದೇ ಕಥೆ. ಅವು ಸಿಗರೇಟ್ ತುಂಡುಗಳನ್ನು ತಂದು ಗೂಡಿಗೆ ಹಾಸ್ತವೆ, ಅದರಲ್ಲಿರೋ ನಿಕೋಟಿನ್‌ನಿಂದ ಹೇನು, ಉಣ್ಣೆ ಕಡಿಮೆ ಆಗುತ್ತವೆ. ಎಷ್ಟು ಬುದ್ಧಿ ಅಂತ ನಾವು ಫಾರ್ವರ್ಡ್ ಮಾಡ್ತೀವಿ. ಅದೇ ಸಂಶೋಧಕರು ಮರಿಗಳ ರಕ್ತ ನೋಡಿದಾಗ, ತುಂಡುಗಳು ಹೆಚ್ಚಿದ್ದ ಗೂಡಿನ ಮರಿಗಳ ರಕ್ತಕಣಗಳಲ್ಲಿ ವಂಶವಾಹಿಗೆ ಹೆಚ್ಚು ಪೆಟ್ಟು ಬಿದ್ದಿತ್ತು.

ಅಂದ್ರೆ ಅಡ್ಜಸ್ಟ್‌ಮೆಂಟಿಗೂ ಬಿಲ್ ಇದೆ. ತಂತಿ ಮೇಲೆ ಕೂತ ಗೊರವಂಕದಲ್ಲಿ ಅದು ನಮಗೆ ಕಾಣಲ್ಲ.

ಚಾಮರಾಜನಗರದ ಕಡೆ ಕರಿಕಲ್ಲು ಕ್ವಾರಿಯ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಅವರ ಹಿತ್ತಲಿನ ನುಗ್ಗೆ ಸೊಪ್ಪನ್ನು ಧೂಳು ಹೋಗೋವರೆಗೆ ಮೂರು ಸಲ ತೊಳೀಬೇಕು. ಯಾವಾಗ ಹೋದ್ರೂ ಕೆಮ್ಮು. ಡಾಕ್ಟ್ರಿಗೆ ತೋರ್ಸು ದೊಡ್ಡಮ್ಮ ಅಂದ್ರೆ, "ಅಭ್ಯಾಸ ಆಗೋಯ್ತು ಕನ ಮಗ" ಅಂತಾರೆ. ಹಕ್ಕಿಗೆ ನಾನು ಹೇಳಿದ ಮಾತನ್ನೇ ಅವರು ತಮಗೆ ಹೇಳ್ಕೊಂಡಿದ್ದಾರೆ. ಕ್ವಾರಿಯವರಿಗೆ ಇದಕ್ಕಿಂತ ಅನುಕೂಲದ ಮಾತು ಇನ್ಯಾವುದಿದೆ?

ಇದನ್ನು ಬರೆಯೋ ಯೋಗ್ಯತೆ ನನಗೆ ಎಷ್ಟಿದೆ ಅನ್ನೋದು ಬೇರೆ ಪ್ರಶ್ನೆ. ನಮ್ಮ ಮೂರು ಎಕರೆಯಲ್ಲಿ ಚೆಂಡು ಹೂವು ಹಾಕ್ತೀವಿ. ಬಣ್ಣ ತೆಗೆಯೋ ಫ್ಯಾಕ್ಟರಿಗೆ ಹೋಗೋ ಹೂವು. ಅದಕ್ಕೆ ಅಪ್ಪ 'ಔಷಧಿ' ಹೊಡೀತಾನೆ. ವಿಷಕ್ಕೆ ನಮ್ಮ ಕಡೆ ಇರೋ ಹೆಸರೇ ಅದು. ಚಿಕ್ಕಂದಿನಲ್ಲಿ ಡ್ರಮ್ಮಿಗೆ ನೀರು ತುಂಬಿಸಿ, ಕೋಲಲ್ಲಿ ಕಲಸಿ ಕೊಡ್ತಿದ್ದವನು ನಾನೇ. ನನ್ನ ಬಿಇ ಫೀಸಿನ ಒಂದು ಪಾಲು ಆ ಹೂವಿನದು. ಔಷಧಿ ಹೊಡೆದ ಮಾರನೇ ದಿನ ಸಾಯೋ ಹುಳ ಹೆಕ್ಕೋಕೆ ಗೊರವಂಕ ಬರ್ತಿದ್ದವು. ನಾವು ಅದನ್ನು ನೋಡಿ ಖುಷಿ ಪಡ್ತಿದ್ವಿ.

ಅಡ್ಜಸ್ಟ್ ಮಾಡ್ಕೊಳ್ಳೋಕೆ ಆಗದೇ ಹೋದ ಹಕ್ಕಿಯನ್ನೂ ನೋಡಿದ್ದೀನಿ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಎತ್ತು ಕಾಲು ಊದಿ ಮಲಗಿಬಿಟ್ಟಿತ್ತು. ನೋವಿನ ಇಂಜೆಕ್ಷನ್ ಕೊಡಿಸಿದ್ವಿ, ಹಗ್ಗ ಹಿಡಿದಿದ್ದವನು ನಾನು. ಮೂರನೇ ದಿನ ಎತ್ತು ಸತ್ತು ಹೋಯ್ತು. ಊರಾಚೆ ಹಳ್ಳದ ಹತ್ತಿರ ಎಳೆದು ಹಾಕಿದರು. ರಣಹದ್ದುಗಳು ಇಳಿದಿದ್ದು ನೆನಪಿದೆ, ಕತ್ತು ಚಾಚಿಕೊಂಡು, ಜಗಳ ಆಡ್ಕೊಂಡು. ಆ ಹಳ್ಳದಲ್ಲಿ ಮತ್ತೆ ನಾನು ರಣಹದ್ದು ನೋಡಿಲ್ಲ.

ರಣಹದ್ದಿನ ಹೊಟ್ಟೆಯ ಆಮ್ಲ ಎಷ್ಟು ತೀಕ್ಷ್ಣ ಅಂದ್ರೆ, ಕೊಳೆತ ಮಾಂಸದಲ್ಲಿರೋ ಬಹುತೇಕ ರೋಗಾಣು ಅದರಲ್ಲಿ ಉಳಿಯಲ್ಲ. ಲಕ್ಷಾಂತರ ವರ್ಷಗಳಲ್ಲಿ ಪಳಗಿದ ಶಕ್ತಿ ಅದು. ಅಂಥ ಹಕ್ಕಿಗೆ ದನಗಳಿಗೆ ಕೊಡೋ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ತಡ್ಕೊಳ್ಳೋಕೆ ಆಗಲಿಲ್ಲ. ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಬಿಳಿ ಪುಡಿಯಾಗಿ ಕೂರುತ್ತೆ, ಕೆಲವೇ ದಿನಗಳಲ್ಲಿ ಸಾವು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಶೇ 99.9ರಷ್ಟು ಕಡಿಮೆಯಾಯ್ತು. ಕಾರಣ ಗೊತ್ತಾಗಿದ್ದು 2004ರಲ್ಲಿ, ದನಗಳಿಗೆ ಆ ಔಷಧಿ ನಿಷೇಧ ಆಗಿದ್ದು 2006ರಲ್ಲಿ. ವರ್ಷಕ್ಕೆ ಒಂದೇ ಮೊಟ್ಟೆ ಇಡೋ, ಮರಿ ಹಾಕೋ ವಯಸ್ಸಿಗೆ ಬರೋಕೆ ಐದು ವರ್ಷ ಬೇಕಾದ ಹಕ್ಕಿಗೆ ಆ ಹದಿನೈದು ವರ್ಷ ಅಂದ್ರೆ ಎರಡು ಮೂರು ತಲೆಮಾರು ಅಷ್ಟೇ. ಬಂಡೀಪುರದಲ್ಲಿ ಈಗಲೂ ಕೆಲವು ಉಳಿದಿವೆ.

ಹಾಗಾದ್ರೆ ತಂತಿ ಮೇಲಿನ ಗೊರವಂಕಕ್ಕೆ ನಾನು ಕೊಟ್ಟ ಸರ್ಟಿಫಿಕೇಟಿಗೆ ಏನರ್ಥ? ಆಪ್ ಕ್ರ್ಯಾಶ್ ಆಗಿ ಬಿಟ್ಟು ಹೋದ ಯೂಸರ್ ಕಂಪ್ಲೇಂಟ್ ಬರೆಯಲ್ಲ. ಉಳಿದವರ ರೇಟಿಂಗ್ ನೋಡಿ ನಾವು ಎಲ್ಲ ಚೆನ್ನಾಗಿದೆ ಅಂದ್ಕೋತೀವಿ.

ನಾವು ಅಡ್ಜಸ್ಟ್ ಆಗಿದ್ದಕ್ಕೂ ಒಂದು ಉದಾಹರಣೆ ನಮ್ಮೂರ ರಸ್ತೆಯಲ್ಲೇ ಇದೆ. 2009ರಿಂದ ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಬಂದ್. ರಾತ್ರಿ ಬಿಸಿ ಡಾಂಬರಿನ ಮೇಲೆ ಬಂದು ಕೂರೋ ನತ್ತಿಂಗ ಹಕ್ಕಿಗೆ ಅಷ್ಟು ಹೊತ್ತು ರಸ್ತೆ ಸಿಗುತ್ತೆ. ಒಂದು ಸಲ ಐದು ನಿಮಿಷ ಲೇಟಾಗಿ ಹೋಗಿ, ಗೇಟಿನ ಮುಂದೆ ಗಾರ್ಡ್ ಹತ್ತಿರ ಬಾಯಿಗೆ ಬಂದಂಗೆ ಮಾತಾಡಿದ್ದೆ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಹೋದ ತಿಂಗಳು ಅಪ್ಪನಿಗೆ ಫೋನಲ್ಲಿ ಕೇಳಿದೆ, ಬೇಲಿ ಕಡೆ ನಾಲ್ಕು ಸಾಲಿಗೆ ಔಷಧಿ ಹೊಡೀಬೇಡ, ಲಾಸ್ ಆದ್ರೆ ನಾನು ಕೊಡ್ತೀನಿ ಅಂತ. ಅಪ್ಪ ನಕ್ಕ. "ಪಕ್ಕದ ಹೊಲದೋರು ಹೊಡ್ದದ್ದು ಗಾಳೀಲಿ ಬತ್ತದೆ ಕನ, ಅದ್ಕೇನ್ ಮಾಡ್ತೀಯಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಎರಡು ಸಾಲು ಬುಡ್ತೀನಿ. ಲೆಕ್ಕ ಕೂದ್ಲು ಎಳೆ ಹಂಗೆ ಇಡ್ತೀನಿ, ದುಡ್ಡು ಕೊಡ್ಬೇಕಾಯ್ತದೆ" ಅಂದ. ದೀಪಾವಳಿಗೆ ಹೋದಾಗ ಲೆಕ್ಕ ನೋಡ್ಬೇಕು.