ಎದುರಾಳಿ ತೊಲಗಿದ ಚುನಾವಣೆಯೂ ಮತದಾರನ ಮನಸ್ಸಾಕ್ಷಿಯೂ

ಗೆಲ್ಲುವವರು ಯಾರೆಂದು ಊರಿಗೆಲ್ಲಾ ಮೊದಲೇ ಗೊತ್ತಾಗಿರುವಾಗ ಮತ ಕೊಡಲು ಹೋಗುವದು ವ್ಯರ್ಥವಲ್ಲವೇ ಎಂಬುದಾಗಿ ನಮ್ಮ ಸಭೆಯವರಲ್ಲಿ ಕೆಲವರು ಕೇಳುವದುಂಟು. ಈ ಪ್ರಶ್ನೆಯು ಹಗುರವಾದದ್ದಲ್ಲ. ಕೈಲಾಂಚದ ಸುತ್ತಲಿನವರಾದ ನಾವು ಅಂಥ ಚುನಾವಣೆಯನ್ನು ಕಣ್ಣಾರೆ ಕಂಡವರಾಗಿದ್ದೇವೆ.

2018ನೆಯ ಇಸವಿಯ ಮೇ ತಿಂಗಳಲ್ಲಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಚನ್ನಪಟ್ಟಣದಲ್ಲಿಯೂ ರಾಮನಗರದಲ್ಲಿಯೂ ಗೆದ್ದು, ಚನ್ನಪಟ್ಟಣವನ್ನು ಇಟ್ಟುಕೊಂಡು ರಾಮನಗರವನ್ನು ಬಿಟ್ಟುಕೊಟ್ಟರು. ತೆರವಾದ ಆ ಸ್ಥಾನಕ್ಕೆ ನವೆಂಬರ್ 3ರಂದು ಉಪಚುನಾವಣೆ ಗೊತ್ತಾಯಿತು. ಅವರ ಪತ್ನಿಯವರಾದ ಶ್ರೀಮತಿ ಅನಿತಾ ಕುಮಾರಸ್ವಾಮಿಯವರು ಜನತಾ ದಳದಿಂದಲೂ ಶ್ರೀ ಎಲ್. ಚಂದ್ರಶೇಖರರು ಭಾರತೀಯ ಜನತಾ ಪಕ್ಷದಿಂದಲೂ ನಿಂತರು. ಮತದಾನಕ್ಕೆ ಎರಡೇ ದಿನ ಉಳಿದಿರುವಾಗ ಚಂದ್ರಶೇಖರರು, ತಮ್ಮ ಪಕ್ಷದ ನಾಯಕರು ತಮಗೆ ನೆರವಾಗಲಿಲ್ಲವೆಂದು ಹೇಳಿ, ಕಣದಿಂದ ಹಿಂದೆಗೆದು ಕಾಂಗ್ರೆಸ್ಸನ್ನು ಸೇರಿದರು. ಕಾಂಗ್ರೆಸ್ಸಾದರೋ ಆಗ ಸರಕಾರದಲ್ಲಿ ಜನತಾ ದಳದ ಜೊತೆಗಾರ ಪಕ್ಷವಾಗಿತ್ತು. ಹೆಸರು ಹಿಂತೆಗೆಯುವ ಗಡುವು ಮುಗಿದಿದ್ದ ಕಾರಣ ಅವರ ಹೆಸರೂ ಚಿಹ್ನೆಯೂ ಮತಯಂತ್ರದಲ್ಲಿ ಹಾಗೆಯೇ ಉಳಿದವು. ನವೆಂಬರ್ 6ರಂದು ಎಣಿಸಿದಾಗ ಅನಿತಾರವರಿಗೆ 1,25,043 ಮತಗಳೂ, ಕಣ ಬಿಟ್ಟುಹೋದವರಿಗೆ 15,906 ಮತಗಳೂ ಬಂದಿದ್ದವು.

ಇದರಲ್ಲಿ ಧರ್ಮಸೂಕ್ಷ್ಮವೇನು? ರಾಮನಗರದ ಮಾರುಕಟ್ಟೆಗೆ ಗೂಡು ಒಯ್ಯುವ ರೈತನನ್ನು ಕೇಳಿರಿ. ಹತ್ತು ಮಂದಿ ರೀಲರುಗಳು ಹರಾಜು ಕೂಗಿದರೆ ಗೂಡಿನ ತಕ್ಕ ಬೆಲೆ ತಿಳಿಯುವದು. ಒಬ್ಬನೇ ಕೂಗಿದರೆ ಗೂಡು ಮಾರಿಹೋಗುವದು, ಬೆಲೆ ಮಾತ್ರ ತಿಳಿಯದು. ಹಾಗೆಂದು ಕೊಂಡವನು ಕಳ್ಳನಲ್ಲ. ಹಾಗೆಯೇ ಆ ಗೆಲವು ನ್ಯಾಯಬದ್ಧವಾದದ್ದೇ. ಆದರೆ ಲಕ್ಷದ ಅಂತರವು ಜನರ ಮನಸ್ಸಿನ ನಿಜವಾದ ಅಳತೆಯೆಂದು ಹೇಳಲಾಗದು. ಅದೇ ಕ್ಷೇತ್ರದಲ್ಲಿ 2023ರ ಮೇ ತಿಂಗಳಲ್ಲಿ ಆ ದಂಪತಿಗಳ ಮಗನಾದ ಶ್ರೀ ನಿಖಿಲ್ ಕುಮಾರಸ್ವಾಮಿಯವರು, ಕಾಂಗ್ರೆಸ್ಸಿನ ಶ್ರೀ ಎಚ್. ಎ. ಇಕ್ಬಾಲ್ ಹುಸೇನರ ಎದುರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಬೆಟ್ಟದಂತೆ ಕಂಡದ್ದು ಐದು ವರುಷ ನಿಲ್ಲಲಿಲ್ಲ.

ಕಣ ಬಿಟ್ಟವರ ಹೃದಯವನ್ನು ದೇವರು ಬಲ್ಲನು. ನಾವು ತೀರ್ಪು ಮಾಡತಕ್ಕವರಲ್ಲ. ಮನಸ್ಸು ಬದಲಾಯಿಸುವದು ತಾನಾಗಿಯೇ ಪಾಪವಲ್ಲ. ಆದರೂ ನನ್ನನ್ನು ನಂಬಿರಿ ಎಂದು ಮನೆಮನೆಗೂ ಹೋಗಿ ಕೇಳಿದವನು, ಬೇರೊಬ್ಬರನ್ನು ನಿಲ್ಲಿಸಲು ಕಾಲವಿಲ್ಲದ ಗಳಿಗೆಯಲ್ಲಿ ಹೊರಟುಹೋದರೆ, ನಂಬಿದವರು ಕುರುಬನಿಲ್ಲದ ಕುರಿಗಳಂತಾಗುವರು. ಮಾತು ಕೊಟ್ಟವನು ಮೊದಲು ನೆನೆಯಬೇಕಾದದ್ದು ತನಗಾದ ನೋವನ್ನಲ್ಲ, ತನ್ನನ್ನು ನಂಬಿದವರನ್ನು.

ಹಾಗಾದರೆ ಮತದಾರನ ಧರ್ಮವೇನು? ಫಲವು ನಮ್ಮ ಕೈಯಲ್ಲಿಲ್ಲದಿದ್ದರೂ ಸಾಕ್ಷಿಯು ನಮ್ಮ ಕೈಯಲ್ಲಿದೆ. ಗುಂಪು ವಾಲಿದ ಕಡೆಗೆ ನ್ಯಾಯವನ್ನೂ ವಾಲಿಸಬಾರದೆಂದು ಮೋಶೆಯ ಧರ್ಮಶಾಸ್ತ್ರವು ಎಚ್ಚರಿಸುತ್ತದೆ. ನಿಂತವರಲ್ಲಿ ಯಾರೂ ಮನಸ್ಸಿಗೆ ಒಪ್ಪದಿದ್ದರೆ, 2013ರಿಂದ ಯಂತ್ರದಲ್ಲಿ ನೋಟಾ ಎಂಬ ಗುಂಡಿಯೂ ಇದೆ. ಅದು ಯಾರನ್ನೂ ಸೋಲಿಸಲಾರದು. ಆದರೆ ಮನೆಯಲ್ಲಿ ಕುಳಿತವನ ಮೌನವನ್ನು ಯಾರೂ ಎಣಿಸರು, ಆ ಗುಂಡಿ ಒತ್ತಿದವನ ಮಾತನ್ನು ಎಣಿಸುವರು.

ಕಡೆಯದಾಗಿ, ಈ ಪಾಠವು ನಮ್ಮ ಸಭೆಗೂ ಸಲ್ಲುತ್ತದೆ. ಅಪೊಸ್ತಲರಲ್ಲಿ ಒಂದು ಸ್ಥಾನ ತೆರವಾದಾಗ ಪೇತ್ರನು ತನಗೆ ಬೇಕಾದವನೊಬ್ಬನನ್ನು ಕರೆದು ಕೂರಿಸಲಿಲ್ಲ. ಸುಮಾರು 120 ಮಂದಿ ಕೂಡಿದ್ದ ಆ ಸಭೆಯು ಯೋಸೇಫ, ಮತ್ತೀಯ ಎಂಬ ಇಬ್ಬರನ್ನು ಮುಂದೆ ನಿಲ್ಲಿಸಿ, ಪ್ರಾರ್ಥಿಸಿ, ಚೀಟು ಹಾಕಿತು. ನಾವಾದರೋ ಸಭೆಯ ಹಿರಿಯರನ್ನು ಆರಿಸುವಾಗ ಒಂದೇ ಹೆಸರನ್ನು ಕೇಳಿ, ಸುಮ್ಮನೆ ಕೈಯೆತ್ತಿ ಮನೆಗೆ ಹೋಗುತ್ತೇವೆ. ಸಹೋದರ ಸಹೋದರಿಯರೇ, ಊರಿನ ಚುನಾವಣೆಯನ್ನು ದೂರುವದಕ್ಕೆ ಮುಂಚೆ ನಮ್ಮ ಕೈ ಯಾತಕ್ಕೆ ಎದ್ದಿತೆಂದು ಕರ್ತನ ಮುಂದೆ ವಿಚಾರಿಸಿಕೊಳ್ಳೋಣ.