ದುರ್ಬೀನೂ ಪರಿಗ್ರಹಪರಿಮಾಣವೂ

ಪರಿಗ್ರಹಪರಿಮಾಣವ್ರತವನ್ನು ಸ್ವೀಕರಿಸುವ ಶ್ರಾವಕನಿಗೆ ಹೊಲಮನೆಗಳಿಗೂ ಬೆಳ್ಳಿಬಂಗಾರಗಳಿಗೂ ಮಿತಿಯನ್ನು ಹಾಕಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಅವು ಎಣಿಕೆಗೆ ಸಿಗುತ್ತವೆ; ಅವುಗಳ ಮೇಲಿನ ಆಸೆಯನ್ನು ಆಸೆಯೆಂದೇ ಮನಸ್ಸು ಗುರುತಿಸುತ್ತದೆ. ತೊಡಕು ಬರುವುದು ವಿದ್ಯೆಯ ಹೆಸರಿನಲ್ಲಿ, ಕೆಲವೊಮ್ಮೆ ದಯೆಯ ಹೆಸರಿನಲ್ಲಿ, ಮನೆಯೊಳಗೆ ಬರಬಯಸುವ ವಸ್ತುಗಳಿಂದ. ಲೋಭವು ಸ್ವಾಧ್ಯಾಯದ ವೇಷ ಧರಿಸಿ ಬಂದರೆ ಮನೆಯವರೇ ಮಣೆ ಹಾಕಿ ಕೂರಿಸುತ್ತಾರೆ.

ಹಾಸನ ಜಿಲ್ಲೆಯ ಒಂದು ಊರಿನ ಶ್ರಾವಕರೊಬ್ಬರು ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, ಈ ವ್ರತವನ್ನು ಸ್ವೀಕರಿಸಿದ್ದರು. ವಸ್ತ್ರಪಾತ್ರೆಗಳೇ ಮೊದಲಾದ ಕುಪ್ಯಭಾಂಡಗಳಿಗೂ ಮಿತಿಯನ್ನು ಬರೆದಿಟ್ಟಿದ್ದರು. ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಊರ ಕೆರೆಯ ಏರಿಯ ಮೇಲೆ ಕುಳಿತು ಹಕ್ಕಿಗಳನ್ನು ನೋಡುವುದು ಅವರ ನಿತ್ಯದ ರೂಢಿಯಾಗಿತ್ತು. ಅದಕ್ಕೆ ಮೂವತ್ತು ವರ್ಷಗಳಷ್ಟು ಹಳೆಯದಾದ ಒಂದು ದುರ್ಬೀನು ಇತ್ತು. ಚಳಿಗಾಲದಲ್ಲಿ ಅದೇ ಏರಿಗೆ ಬಂದ ತರುಣನೊಬ್ಬನು ತನ್ನ ಹೊಸ ದುರ್ಬೀನನ್ನು ಅವರ ಕೈಗಿತ್ತು ಜಾಲಿಯ ಮರದಲ್ಲಿದ್ದ ಹಸಿರು ಉಲಿಯಕ್ಕಿಯನ್ನು ತೋರಿಸಿದನು. ಉತ್ತರದ ದೂರದ ಕಾಡುಗಳಿಂದ ಚಳಿಗಾಲವನ್ನು ಕಳೆಯಲು ಇಲ್ಲಿಗೆ ಬರುವ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಆ ಹಕ್ಕಿಯ ರೆಕ್ಕೆಯ ಮೇಲಿನ ತೆಳುವಾದ ಬಿಳಿಯ ಗೆರೆ ಅವರಿಗೆ ಮೊದಲ ಬಾರಿಗೆ ಕಂಡಿತು. ಮನೆಗೆ ಮರಳಿದ ಮೇಲೆ ಹಳೆಯ ದುರ್ಬೀನು ಮಸುಕಾಗಿ ತೋರತೊಡಗಿತು. ಹಿಂದಿನ ದಿನ ಅದು ಮಸುಕಾಗಿರಲಿಲ್ಲ.

ವಸ್ತುವಿನ ಸ್ವರೂಪವನ್ನು ಅರಿಯದೆ ಅದರ ತ್ಯಾಗವನ್ನಾಗಲಿ ಸ್ವೀಕಾರವನ್ನಾಗಲಿ ವಿಚಾರಿಸುವುದು ಸರಿಯಲ್ಲ. ದುರ್ಬೀನಿನ ಮೇಲೆ ಎರಡು ಅಂಕೆಗಳಿರುತ್ತವೆ. ಶ್ರಾವಕರ ಹಳೆಯದು 8×30, ತರುಣನದು 8×42. ಮೊದಲನೆಯ ಅಂಕೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದನ್ನು ಹೇಳಿದರೆ, ಎರಡನೆಯದು ಮುಂದಿನ ಗಾಜಿನ ಅಗಲವನ್ನು ಮಿಲಿಮೀಟರುಗಳಲ್ಲಿ ಹೇಳುತ್ತದೆ. ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲಪುವ ಬೆಳಕಿನ ಕಂಬದ ದಪ್ಪ ದೊರೆಯುತ್ತದೆ: ಹಳೆಯದರಲ್ಲಿ 3.75 ಮಿಲಿಮೀಟರು, ಹೊಸದರಲ್ಲಿ 5.25. ಹಗಲಿನ ಬೆಳಕಿನಲ್ಲಿ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ತೆರೆಯುವುದಿಲ್ಲ. ವಯಸ್ಸಾದಂತೆ ಕತ್ತಲೆಯಲ್ಲಿಯೂ ಅದು ಯೌವನದಲ್ಲಿ ತೆರೆದಷ್ಟು ತೆರೆಯದು. ಆದುದರಿಂದ ದೊಡ್ಡ ಗಾಜಿನ ಹೆಚ್ಚಿನ ಬೆಳಕು ಉಪಯೋಗಕ್ಕೆ ಬರುವುದು ಮುಂಜಾವದ, ಮುಸ್ಸಂಜೆಯ ಅಲ್ಪಕಾಲದಲ್ಲಿ ಮಾತ್ರ. ಮುಂಜಾವದ ಆ ಹೊತ್ತಿನಲ್ಲಿ ಈ ಶ್ರಾವಕರು ಬಸದಿಯಲ್ಲಿ ಅಭಿಷೇಕಕ್ಕೆ ನಿಂತಿರುತ್ತಿದ್ದರು ಎಂಬುದು ಬೇರೆ ಮಾತು! ಉತ್ತಮ ಗಾಜು, ಪಟ್ಟಕಗಳ ಮೇಲಿನ ಸೂಕ್ಷ್ಮ ಲೇಪನ ಇವುಗಳಿಂದ ಅಂಚುಗಳು ಸ್ಫುಟವಾಗುತ್ತವೆ, ಬಣ್ಣಗಳು ಹರಡುವುದಿಲ್ಲ ಎಂಬುದೂ ನಿಜವೇ. ಬೆಲೆ ಮಾತ್ರ ಕೆಲವು ಸಾವಿರಗಳಿಂದ ಆರಂಭವಾಗಿ ಎರಡು ಲಕ್ಷ ರೂಪಾಯಿಗಳನ್ನು ಮೀರಿಯೂ ಹೋಗುತ್ತದೆ. ಆ ಮೆಟ್ಟಿಲುಗಳಲ್ಲಿ ಇಲ್ಲಿಗೆ ಸಾಕು ಎಂದು ಹೇಳುವ ಮೆಟ್ಟಿಲು ಯಾವುದೂ ಇಲ್ಲ.

ಶ್ರಾವಕರು ತಮ್ಮ ಬಯಕೆಗೆ ಒಂದು ಸಮರ್ಥನೆಯನ್ನು ಕಂಡುಕೊಂಡರು. ಅದು ಹಗುರವಾದದ್ದಲ್ಲ. ಹಿಂದೆ ಪಕ್ಷಿಶಾಸ್ತ್ರಜ್ಞರು ಹಕ್ಕಿಯನ್ನು ಗುರುತಿಸುತ್ತಿದ್ದುದು ಬಹುಮಟ್ಟಿಗೆ ಬಂದೂಕಿನಿಂದ. 1889ರಲ್ಲಿ ಅಮೆರಿಕದ ಫ್ಲಾರೆನ್ಸ್ ಮೆರಿಯಂ ಎಂಬ ಮಹಿಳೆ, ನಾಟಕ ನೋಡಲು ಬಳಸುವ ಕಿರುದುರ್ಬೀನಿನಿಂದ ಹಕ್ಕಿಗಳನ್ನು ಅರಿಯುವ ಕ್ರಮವನ್ನು ಕುರಿತು ಪುಸ್ತಕ ಬರೆದರು. 1900ರಲ್ಲಿ ಅದೇ ದೇಶದ ಫ್ರ್ಯಾಂಕ್ ಚಾಪ್‌ಮನ್ ಅವರು ಕ್ರಿಸ್ಮಸ್ ದಿನದ ಬೇಟೆಯ ಪಂದ್ಯಕ್ಕೆ ಬದಲಾಗಿ ಹಕ್ಕಿಗಳನ್ನು ಎಣಿಸುವ ಪದ್ಧತಿಯನ್ನು ಆರಂಭಿಸಿದರು. ನಮ್ಮ ದೇಶದ ಸಲೀಂ ಅಲಿಯವರನ್ನು ಪಕ್ಷಿಶಾಸ್ತ್ರದತ್ತ ತಿರುಗಿಸಿದ್ದು ಬಾಲ್ಯದಲ್ಲಿ ಗಾಳಿಬಂದೂಕಿನಿಂದ ಹೊಡೆದ ಒಂದು ಗುಬ್ಬಚ್ಚಿ. ಅವರ ಪ್ರೇರಣೆಯಿಂದಲೇ 1940ರಲ್ಲಿ ಮೈಸೂರು ಸಂಸ್ಥಾನದಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಹೀಗೆ ಕೊಲ್ಲುವ ಸಾಧನದ ಸ್ಥಾನದಲ್ಲಿ ನೋಡುವ ಸಾಧನ ಬಂದಿತು. ಅಂಥದ್ದನ್ನು ಕುಪ್ಯಭಾಂಡಗಳ ಲೆಕ್ಕಕ್ಕೆ ಸೇರಿಸುವುದೇಕೆ? ಮುನಿಗಳಿಗೂ ಜ್ಞಾನೋಪಕರಣ, ಸಂಯಮೋಪಕರಣಗಳಿವೆಯಲ್ಲವೆ? ಇದು ಅವರ ಪ್ರಶ್ನೆ.

ಈ ವಿಚಾರ ನಡೆದಿರುವಾಗಲೇ ವೈಶಾಖದ ಒಂದು ದಿನ ಒಂದು ಪ್ರಮಾದ ಸಂಭವಿಸಿತು. ಕೆರೆಯಂಗಳದ ಕಲ್ಲುನೆಲದ ಮೇಲೆ ಟಿಟ್ಟಿಭವೊಂದು ಕಾವಿಗೆ ಕುಳಿತಿತ್ತು. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಹರಳುಗಳ ನಡುವೆ ಹರಳಿನ ಬಣ್ಣದ್ದೇ ಆದ ಮೂರು ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಬಿಸಿಲು ಹೆಚ್ಚಾದಾಗ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಅವುಗಳ ಮೇಲೆ ಕುಳಿತುಕೊಳ್ಳುತ್ತದೆ. ಶ್ರಾವಕರು ಮೊಟ್ಟೆಗಳನ್ನು ಎಣಿಸಬೇಕೆಂದು ಏರಿಯಿಂದ ಇಳಿದು ಹತ್ತಿರ ಹೋದರು. ಹಕ್ಕಿಗಳೆರಡೂ ಕೂಗುತ್ತ ಮೇಲೆದ್ದು ಅವರ ತಲೆಯ ಮೇಲೆ ಸುತ್ತಿದವು. ಅವರು ಬೆದರಿ ಹಿಂದೆ ಸರಿಯುವಷ್ಟರಲ್ಲಿ ಕಾಗೆಯೊಂದು ಎರಗಿ ಒಂದು ಮೊಟ್ಟೆಯನ್ನು ಕಚ್ಚಿಕೊಂಡು ಹೋಯಿತು. ಮರುದಿನ ಉಳಿದವೂ ಇರಲಿಲ್ಲ.

ಅವರು ಆಲೋಚನೆ ಮಾಡಿಕೊಂಡರು, ಉಪವಾಸವನ್ನೂ ಮಾಡಿದರು. ಆದರೆ ಉಪವಾಸದ ದಿನವೇ ಮನಸ್ಸು ಹೇಳಿದ ಮಾತು ಇದು: ಒಳ್ಳೆಯ ದುರ್ಬೀನು ಇದ್ದಿದ್ದರೆ ಹತ್ತಿರ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ, ಆದುದರಿಂದ ಅದನ್ನು ಕೊಳ್ಳುವುದು ಅಹಿಂಸೆಯೇ ಆಗಿದೆ.

ಇಲ್ಲಿ ಗಣಿತವೇ ಧರ್ಮದ ನೆರವಿಗೆ ಬರುತ್ತದೆ. ಎಂಟು ಪಟ್ಟು ತೋರಿಸುವ ಗಾಜು ಎಂಬತ್ತು ಮೀಟರು ದೂರದ ಹಕ್ಕಿಯನ್ನು ಹತ್ತು ಮೀಟರು ದೂರದಲ್ಲಿದ್ದಂತೆ ತೋರಿಸುತ್ತದೆ. ಹಳೆಯದು ಎಂಟು ಪಟ್ಟಿನದು, ಬಯಸಿದ ಹೊಸದೂ ಎಂಟು ಪಟ್ಟಿನದೇ. ಹತ್ತು ಪಟ್ಟಿನದನ್ನು ತಂದರೂ ಹತ್ತು ಮೀಟರು ಎಂಟಾಗುವುದು, ಅದರೊಡನೆ ಕೈಯ ನಡುಕವೂ ಹತ್ತು ಪಟ್ಟಾಗುವುದು. ಕಾವಿಗೆ ಕುಳಿತ ಹಕ್ಕಿಯ ಹೊಟ್ಟೆಯ ಕೆಳಗಿನ ಮೊಟ್ಟೆಗಳನ್ನು ಯಾವ ದುರ್ಬೀನೂ ಎಣಿಸಿಕೊಡಲಾರದು. ಅವರನ್ನು ಏರಿಯಿಂದ ಇಳಿಸಿದ್ದು ಗಾಜಿನ ದೋಷವಲ್ಲ.

ಉಪಕರಣದ ಪ್ರಶ್ನೆಗೆ ಉತ್ತರವು ದಿಗಂಬರ ಆಮ್ನಾಯದ ಆಚಾರದಲ್ಲಿಯೇ ಕಣ್ಣೆದುರಿಗಿದೆ. ಚಾತುರ್ಮಾಸ್ಯ ಮುಗಿದ ಮೇಲೆ ನಡೆಯುವ ಪಿಚ್ಛಿಪರಿವರ್ತನವನ್ನು ಅನೇಕರು ಕಂಡಿರುತ್ತಾರೆ. ಮುನಿಗಳೂ ಹಳೆಯದನ್ನು ಬಿಟ್ಟು ಹೊಸದನ್ನು ಸ್ವೀಕರಿಸುತ್ತಾರೆ. ಹಳೆಯ ಪಿಚ್ಛಿಯು ವ್ರತನಿಯಮಗಳನ್ನು ಕೈಗೊಳ್ಳುವ ಶ್ರಾವಕರಿಗೆ ಸಲ್ಲುತ್ತದೆ. ಆದರೆ ಬದಲಾವಣೆಯ ಕಾರಣವೇನು? ನವಿಲುಗಳು ತಾವಾಗಿ ಉದುರಿಸಿದ ಗರಿಗಳು ವರ್ಷದ ಬಳಕೆಯಿಂದ ಸವೆದು ಮೃದುತ್ವವನ್ನು ಕಳೆದುಕೊಂಡಿರುತ್ತವೆ. ಒರಟಾದ ಗರಿ ಸೂಕ್ಷ್ಮಜೀವಿಗೆ ಬಾಧೆ ಕೊಡುತ್ತದೆ. ಅಲ್ಲಿ ಅಳತೆಗೋಲು ಜೀವಿಯ ರಕ್ಷೆ, ಹಿಡಿದವರ ಸಂತೋಷವಲ್ಲ. ಬೇರೆ ಸಂಘದವರ ಪಿಚ್ಛಿ ಹೆಚ್ಚು ಸೊಗಸಾಗಿದೆ ಎಂದು ಯಾವ ಮುನಿಯೂ ತಮ್ಮದನ್ನು ಬದಲಾಯಿಸುವುದಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದೇ ನಿರೂಪಿಸಿದ್ದಾರೆ. ಇದನ್ನೇ ಹಿಡಿದುಕೊಂಡು, ಮನಸ್ಸಿನಲ್ಲಿ ಮೂರ್ಛೆಯಿಲ್ಲದಿದ್ದರೆ ಎಷ್ಟು ವಸ್ತುಗಳಿದ್ದರೇನು ಎನ್ನುವವರಿದ್ದಾರೆ. ಮೂರ್ಛೆಗೆ ಕಾರಣವಾಗುವುದರಿಂದ ಬಾಹ್ಯವಸ್ತುವೂ ಪರಿಗ್ರಹವೆನಿಸುವುದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಆ ದಾರಿಯನ್ನು ಮುಚ್ಚಿದ್ದಾರೆ. ಇನ್ನೂ ಒಂದು ಅಂಶವನ್ನು ಜನ ಗಮನಿಸುವುದು ಕಡಿಮೆ. ಅಪರಿಗ್ರಹವ್ರತವನ್ನು ದೃಢಪಡಿಸುವ ಐದು ಭಾವನೆಗಳು ಹಣಕಾಸಿಗೆ ಸಂಬಂಧಿಸಿದವುಗಳಲ್ಲ. ಪಂಚೇಂದ್ರಿಯಗಳ ಇಷ್ಟಾನಿಷ್ಟ ವಿಷಯಗಳಲ್ಲಿ ರಾಗದ್ವೇಷಗಳನ್ನು ಬಿಡುವುದೇ ಅವು. ಕಣ್ಣಿನ ಸುಖವೂ ಅಲ್ಲಿ ಸೇರಿದೆ. ಊಟದಲ್ಲಿ ಅವಮೋದರ್ಯವನ್ನು ಪಾಲಿಸಿ ಎರಡು ತುತ್ತು ಕಡಿಮೆ ಉಣ್ಣುವವನು, ಕಣ್ಣಿಗೆ ಮಾತ್ರ ಹೊಟ್ಟೆ ತುಂಬ ಬಡಿಸಬೇಕೆಂದು ಹಟ ಹಿಡಿಯುವುದುಂಟು. ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಪರಿಮಿತಪರಿಗ್ರಹದ ಅತಿಚಾರಗಳನ್ನು ಎಣಿಸುವಾಗ ವಿಸ್ಮಯವನ್ನೂ ಸೇರಿಸಿದ್ದಾರೆ. ಪರರ ಸಂಪತ್ತನ್ನು ಕಂಡು ಬೆರಗಾಗಿ ತನ್ನಲ್ಲಿರುವುದರ ಬಗ್ಗೆ ಕೊರಗುವುದು ಅದರ ಫಲ. ತರುಣನ ಗಾಜಿನಲ್ಲಿ ಒಮ್ಮೆ ನೋಡಿದೊಡನೆ ಸ್ವಂತ ದುರ್ಬೀನು ಮಸುಕಾದುದಕ್ಕೆ ಇದಕ್ಕಿಂತ ಸರಿಯಾದ ಹೆಸರು ದೊರೆಯದು.

ಮಿತಿಯನ್ನು ಮುರಿಯದೆ ದಾಟುವ ಉಪಾಯಗಳೂ ಎದುರಿಗೆ ಬಂದವು. ಬೆಂಗಳೂರಿನಲ್ಲಿರುವ ಮಗ, ದುರ್ಬೀನನ್ನು ತಾನೇ ಕೊಂಡು ತನ್ನ ಹೆಸರಿನಲ್ಲಿಟ್ಟುಕೊಳ್ಳುವುದಾಗಿಯೂ ತಂದೆ ಬಳಸಬಹುದೆಂದೂ ಬರೆದನು. ಮಗನ ಪ್ರೀತಿ ದೊಡ್ಡದು. ಆದರೆ ಹೊಲವನ್ನು ಹೆಂಡತಿಯ ಹೆಸರಿಗೆ ಬರೆದು ವ್ರತ ಪಾಲಿಸುವವರ ದಾರಿಯೂ ಇದೇ. ಹಳೆಯದನ್ನು ಶಾಲೆಯ ಹುಡುಗನಿಗೆ ದಾನ ಮಾಡಿ, ತೆರವಾದ ಸ್ಥಾನಕ್ಕೆ ಹೊಸದನ್ನು ತರುವುದು ಇನ್ನೊಂದು ಉಪಾಯ. ಇದನ್ನು ಸಾರಾಸಗಟಾಗಿ ತಪ್ಪೆನ್ನಲಾಗದು. ಹಾಗಾದರೂ ಹೊಸದು ಬರುವುದಿಲ್ಲವೆಂದು ಗೊತ್ತಾದ ದಿನವೂ ಹುಡುಗನಿಗೆ ಕೊಡುವ ಮನಸ್ಸು ಇರುತ್ತಿತ್ತೇ ಎಂಬುದನ್ನು ಕೊಡುವವನೇ ಕೇಳಿಕೊಳ್ಳಬೇಕು. ಶ್ರಾವಕರು ಕೇಳಿಕೊಂಡರು, ಇಲ್ಲವೆಂಬ ಉತ್ತರ ಬಂದಿತು.

ಅವರು ಹಳೆಯ ದುರ್ಬೀನನ್ನು ಮೈಸೂರಿಗೆ ಒಯ್ದು ಬಿಚ್ಚಿಸಿದರು. ಮಳೆಗಾಲಗಳ ತೇವದಿಂದ ಎಡಗೊಳವೆಯ ಪಟ್ಟಕದ ಮೇಲೆ ಬೂಷ್ಟು ಹಿಡಿದಿತ್ತು, ಒರೆಸಿ ಸರಿಪಡಿಸಿಕೊಟ್ಟರು. ಬೂಷ್ಟು ಪಟ್ಟಕವನ್ನೇ ಕೊರೆದುಬಿಟ್ಟಿದ್ದರೆ ಬೇರೆಯದನ್ನು ಕೊಳ್ಳುವುದಕ್ಕೆ ಅಡ್ಡಿಯೇನೂ ಇರುತ್ತಿರಲಿಲ್ಲ, ಪಿಚ್ಛಿಪರಿವರ್ತನದ ನ್ಯಾಯವೇ ಅದಕ್ಕೆ ಸಾಕಾಗುತ್ತಿತ್ತು. ಬಳಿಕ ದೇಶವ್ರತದ ಕ್ರಮದಲ್ಲಿ, ಆ ವರ್ಷದ ಭಾದ್ರಪದದವರೆಗೆ ಕೆರೆಯ ಏರಿಯಿಂದ ಕೆಳಗೆ ಇಳಿಯುವುದಿಲ್ಲವೆಂದು ನಿಯಮ ಮಾಡಿಕೊಂಡರು. ಮಗನಿಗೆ ಬರೆದ ಕಾಗದದಲ್ಲಿ, ಕಾರ್ತಿಕದ ನಂತರ ಮತ್ತೆ ವಿಚಾರಿಸೋಣವೆಂದಷ್ಟೇ ಇತ್ತು. ಆಸೆ ಪೂರ್ತಿಯಾಗಿ ಹೋಗಿದೆಯೆಂದು ಬರೆದರೆ ಸತ್ಯಾಣುವ್ರತಕ್ಕೆ ಭಂಗ ಬರುತ್ತಿತ್ತು.

ಮೊಟ್ಟೆ ಕಳೆದುಕೊಂಡ ಟಿಟ್ಟಿಭಗಳು ಅದೇ ಕಲ್ಲುನೆಲದಲ್ಲಿ, ತುಸು ಆಚೆಗೆ, ಮತ್ತೆ ಕಾವಿಗೆ ಕುಳಿತವು. ಈ ಸಲ ಎಷ್ಟು ಮೊಟ್ಟೆಗಳಿದ್ದವು ಎಂಬುದು ಶ್ರಾವಕರಿಗೆ ಏರಿಯ ಮೇಲಿನಿಂದ ಕಾಣಲಿಲ್ಲ.