ಬರಿಗೈಯಲ್ಲಿ ಹೋಗುವದು ಸರಿಯೋ?

ಹಸಿದ ಮಕ್ಕಳ ಮನೆಗೆ ಬರಿಗೈಯಲ್ಲಿ ಹೋಗುವದು ಧರ್ಮವೋ? ಕೊಡುವದಕ್ಕೆ ಏನೂ ಇಲ್ಲದವನು ತನ್ನ ಮನೆಯಲ್ಲಿದ್ದು ಪ್ರಾರ್ಥಿಸಿದರೆ ಸಾಕೆಂದು ನಮ್ಮಲ್ಲಿ ಕೆಲವರು ಅನ್ನುವರು. ನಾವೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದೆವು. ಆದರೆ ಈ ಪ್ರಶ್ನೆಗೆ ಬಾಯಿಂದಲ್ಲ, ಕಾಲುನಡೆಯಿಂದ ಉತ್ತರ ಕೊಟ್ಟ ಕೆಲವು ಸ್ತ್ರೀಯರ ಸಂಗತಿಯನ್ನು ತಿಳಿದ ಮೇಲೆ ನಮಗೆ ಸಂದೇಹ ಹುಟ್ಟಿತು.

ಆಫ್ರಿಕ ಖಂಡದ ದಕ್ಷಿಣಭಾಗದಲ್ಲಿ ಜಿಂಬಾಬ್ವೆ ಎಂಬ ದೇಶವುಂಟು. ಅದರ ಪೂರ್ವದ ಮೇರೆಯಲ್ಲಿ ಮುತಾರೆ ಪಟ್ಟಣವಿದೆ. ಸುತ್ತಲಿನ ಹಳ್ಳಿಗಳ ಶೋನ ಜನರು ಮೆಕ್ಕೆಜೋಳವನ್ನು ಬೆಳೆದು, ಅದರ ಹಿಟ್ಟಿನಿಂದ ಸಾಡ್ಜ ಎಂಬ ಮುದ್ದೆಯನ್ನು ಮಾಡಿ ಉಣ್ಣುವರು. ತಂದೆಯ ಅಣ್ಣನನ್ನು 'ದೊಡ್ಡ ತಂದೆ' ಎಂದೂ ತಮ್ಮನನ್ನು 'ಚಿಕ್ಕ ತಂದೆ' ಎಂದೂ ಅರ್ಥವುಳ್ಳ ಮಾತುಗಳಿಂದ ಕರೆಯುವರು. ನಾವೂ ಹಾಗೆಯೇ ಕರೆಯುತ್ತೇವಲ್ಲವೇ? ಆದದರಿಂದ ಹೆತ್ತವನು ಸತ್ತರೂ ಮಕ್ಕಳಿಗೆ ತಂದೆಯು ಉಳಿಯುತ್ತಿದ್ದನು. ಆದರೆ 1985ರಲ್ಲಿ ಆ ದೇಶದಲ್ಲಿ ಮೊದಲು ಗುರುತಿಸಲ್ಪಟ್ಟ ಏಡ್ಸ್ ರೋಗವು ದುಡಿಯುವ ಪ್ರಾಯದವರನ್ನೇ ಆರಿಸಿಕೊಂಡಂತೆ ಕೊಲ್ಲುತ್ತಾ ಬಂತು. ದೊಡ್ಡಪ್ಪನೂ ಹೋದನು, ಚಿಕ್ಕಪ್ಪನೂ ಹೋದನು. ಹಲವು ಮನೆಗಳ ಮಕ್ಕಳು ಒಬ್ಬ ಅಜ್ಜಿಯ ಮಡಿಲಿಗೆ ಬಿದ್ದರು. ಅಜ್ಜಿಯೂ ತೀರಿದ ಮೇಲೆ ಕೆಲವು ಕಡೆ ಹದಿನೈದು ವರುಷದ ಅಕ್ಕನೇ ಮನೆಯ ಯಜಮಾನಿಯಾದಳು.

ಮಕ್ಕಳ ವೈದ್ಯರಾದ ಜೆಫ್ ಫಾಸ್ಟರ್ ಎಂಬವರು 1987ರಲ್ಲಿ ಮುತಾರೆಯಲ್ಲಿ ಒಂದು ಕ್ರೈಸ್ತ ಸಂಘವನ್ನು ಸ್ಥಾಪಿಸಿದ್ದರು. ಆ ಸಂಘದವರು 1993ರಲ್ಲಿ ಹಳ್ಳಿಯ ಸಭೆಯ ಸಂಗಡ ಕೂಡಿ ಒಂದು ಕೆಲಸವನ್ನು ಆರಂಭಿಸಿದರು. ತಬ್ಬಲಿ ಎಂದೊಡನೆ ನಮ್ಮ ಕಣ್ಣ ಮುಂದೆ ಅನಾಥಶಾಲೆಯ ಗೋಡೆ ಬಂದು ನಿಲ್ಲುವದು. ಅವರೋ ಗೋಡೆಯನ್ನು ಕಟ್ಟಲಿಲ್ಲ. ಊರಿನ ಸ್ತ್ರೀಯರನ್ನೇ ಆರಿಸಿ, ತಬ್ಬಲಿಗಳಿರುವ ಮನೆಗಳ ಪಟ್ಟಿಯನ್ನು ಮಾಡಿಸಿ, ಆ ಮನೆಗಳನ್ನು ತಪ್ಪದೆ ಪರಾಮರಿಸುವಂತೆ ಅವರಿಗೆ ಕಲಿಸಿದರು. ಈ ಸ್ತ್ರೀಯರಿಗೆ ಸಂಬಳವಿರಲಿಲ್ಲ. ಅವರೂ ಬಡವರೇ, ಕೆಲವರು ತಾವೇ ವಿಧವೆಯರು. ಬಿತ್ತನೆಯ ಕಾಳು, ಗೊಬ್ಬರ, ಕಂಬಳಿ, ಶಾಲೆಯ ಫೀಜು ಇವು ತೀರಾ ಗತಿಗೆಟ್ಟ ಮನೆಗಳಿಗೆ ಮಾತ್ರ ಸಿಕ್ಕುತ್ತಿದ್ದವು. ಮಿಕ್ಕ ಮನೆಗಳಿಗೆ ಅವರು ಬರಿಗೈಯಲ್ಲಿಯೇ ಹೋಗಬೇಕಾಗಿತ್ತು.

ಹೋಗಿ ಮಾಡುವದೇನು? ಮಾಡು ಸೋರುತ್ತದೋ, ಹುಡುಗಿಯು ಶಾಲೆ ಬಿಟ್ಟಳೋ, ಚಿಕ್ಕವನ ಕೆಮ್ಮು ನಿಂತಿತೋ ಎಂದು ನೋಡುವದು. ಕಳೆ ಕೀಳುವದು, ನೀರು ತರುವದು, ಮುದ್ದೆ ತಿರುವುವದಕ್ಕೆ ಕಲಿಸುವದು. ಸತ್ತವರ ಹೊಲಕ್ಕೂ ಪಾತ್ರೆಗಳಿಗೂ ಕಣ್ಣು ಹಾಕುವ ನಂಟರು ಅಲ್ಲಿಯೂ ಉಂಟು. ದೊಡ್ಡವರೊಬ್ಬರ ಹೆಜ್ಜೆ ಆ ಅಂಗಳದಲ್ಲಿ ಆಗಾಗ್ಗೆ ಕಾಣುವದಾದರೆ ಅಂಥವನು ಒಳಗೆ ಕಾಲಿಡುವದಕ್ಕೆ ಮೊದಲು ಎರಡಾವರ್ತಿ ಯೋಚಿಸಬೇಕಾಗುವದು.

ಯಾಕೋಬನ ಪತ್ರಿಕೆಯನ್ನು ಓದಿದವರು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. ಹಸಿದವನಿಗೆ ಸವಿಮಾತು ಮಾತ್ರ ಹೇಳಿ ಕಳುಹಿಸಿಬಿಡುವವನನ್ನು ಆ ಅಪೊಸ್ತಲನು ಗದರಿಸಲಿಲ್ಲವೇ? ಹೌದು. ಆದರೆ ದಿಕ್ಕಿಲ್ಲದವರನ್ನು ಪರಾಮರಿಸುವದೇ ಭಕ್ತಿಯೆಂದು ಹೇಳುವದೂ ಅದೇ ಪತ್ರಿಕೆಯೇ. ಗದರಿಕೆಯು ಕಳುಹಿಸಿಬಿಡುವವನಿಗೆ ತಗಲುವದು. ಈ ಸ್ತ್ರೀಯರು ಕಳುಹಿಸುವವರಲ್ಲ, ಬರುವವರು. ಹದಿನೈದು ದಿನ ಕಳೆದ ಮೇಲೆ ಪುನಃ ಬರುವವರು.

ಒಳ್ಳೇದೆಲ್ಲಾ ಸಭೆಯಿಂದಲೇ ಬಂತೆಂದು ಹೊಗಳಿಕೊಳ್ಳುವದೂ ನ್ಯಾಯವಲ್ಲ. ಊರಿನವರೆಲ್ಲರೂ ಕೂಡಿ ಅರಸನ ಹೊಲವನ್ನು ಗೇದು, ಆ ಕಾಳನ್ನು ಇಲ್ಲದವರಿಗಾಗಿ ಕೂಡಿಡುವ 'ಜುಂದೆ ರಮಾಂಬೊ' ಎಂಬ ಪದ್ಧತಿಯು ಆ ಜನರಲ್ಲಿ ಪೂರ್ವದಿಂದಲೂ ಉಂಟು.

ಇನ್ನೊಂದು ಸಂದೇಹವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಬಡವರ ಸೇವೆಗೆ ಖರ್ಚು ಕಡಿಮೆ. ಹೀಗಿರಲಾಗಿ ಹಣವುಳ್ಳವರು ಅದನ್ನು ಹೊಗಳಿ, ತಾವು ಸುಮ್ಮನಿರುವದು ಸುಲಭ. 2000ನೇ ವರುಷದಲ್ಲಿ ಏಡ್ಸ್ ರೋಗವನ್ನು ತಡೆಯುವ ಔಷಧಕ್ಕೆ ಒಬ್ಬನಿಗೆ ವರುಷಕ್ಕೆ 10,000 ಡಾಲರಿನಷ್ಟು ಬೆಲೆಯಿತ್ತು. 2001ರಲ್ಲಿ ನಮ್ಮ ಮುಂಬಯಿಯ ಸಿಪ್ಲಾ ಕಂಪೆನಿಯು ಅದನ್ನು 350 ಡಾಲರಿಗೆ ಕೊಡುತ್ತೇವೆಂದು ಹೇಳಿತು. ಹಾಗಾದರೆ ಅದಕ್ಕೆ ಮುಂಚೆ ಸತ್ತ ತಾಯಂದಿರ ಲೆಕ್ಕವನ್ನು ಯಾರು ಒಪ್ಪಿಸಬೇಕು? ಎಷ್ಟು ಸಾರಿ ಬಾಗಿಲಿಗೆ ಹೋದರೂ ನೆರೆಯವಳು ಅವರನ್ನು ಉಳಿಸಲಾರದೆ ಇದ್ದಳು. ಅವಳು ನಡೆದಳೆಂಬದರಿಂದ ಬೆಲೆ ಕಟ್ಟಿದವರ ಭಾರವು ಇಳಿಯುವದಿಲ್ಲ. ಅವರು ತಪ್ಪಿದರೆಂಬದರಿಂದ ಅವಳ ನಡಿಗೆಯು ವ್ಯರ್ಥವಾಗುವದೂ ಇಲ್ಲ.

ಆ ಸೀಮೆಯಲ್ಲಿ ನವಂಬರದ ಹೊತ್ತಿಗೆ ಮೊದಲ ಮಳೆ ಬೀಳುವದು. ಹದವು ಎಷ್ಟು ದಿನ ನಿಲ್ಲುವದೆಂದು ಒಕ್ಕಲು ಮಕ್ಕಳಾದ ನಿಮಗೆ ನಾವು ಹೇಳಬೇಕೇ? ಆ ಸ್ತ್ರೀಯ ಕೈಯಲ್ಲಿ ಗುದ್ದಲಿ ಒಂದೇ. ಅವಳ ಹೊಲವೂ ಕಾಯುತ್ತಿದೆ, ತಬ್ಬಲಿಗಳ ಹೊಲವೂ ಕಾಯುತ್ತಿದೆ. ಯಾವದನ್ನು ಮೊದಲು ಬಿತ್ತಬೇಕೆಂಬದನ್ನು ನಾವು ಇಲ್ಲಿ ನೆರಳಿನಲ್ಲಿ ಕೂತು ಬರೆಯಲಾರೆವು.